ತಡವಾಗಿ ಬಂದರೂ ಅದು ಮೊದಲ ದಿನವೇ

2021ರ ಜನವರಿ 12ರ ಮಧ್ಯಾಹ್ನ 12 ಗಂಟೆಗೆ ಸೋನಿ ಕಂಪನಿಯವರು ಪ್ಲೇಸ್ಟೇಷನ್ 5 ಗೇಮಿಂಗ್ ಕನ್ಸೋಲಿಗೆ ನಮ್ಮ ದೇಶದಲ್ಲಿ ಮುಂಗಡ ಬುಕಿಂಗ್ ತೆರೆದರು. ಸಂಕ್ರಾಂತಿಗೆ ಎರಡೇ ದಿನ ಉಳಿದಿತ್ತು. ಬೆಲೆ 49,990 ರೂಪಾಯಿ. ಕೆಲವೇ ನಿಮಿಷಗಳಲ್ಲಿ ಮಾಲು ಖಾಲಿ. ಅಮೆರಿಕ, ಜಪಾನಿನ ಹುಡುಗರು ಅದನ್ನು 2020ರ ನವೆಂಬರ್ 12ರಿಂದಲೇ ಆಡುತ್ತಿದ್ದರು. ನಮ್ಮಲ್ಲಿ ಅದು ಬಿಡುಗಡೆಯಾದದ್ದು ಫೆಬ್ರುವರಿ 2ರಂದು. ನಡುವಿನ ಆ ದಿನಗಳಲ್ಲಿ ವಿಜಯಪುರ ಜಿಲ್ಲೆಯ ನಮ್ಮೂರು ಮನಗೂಳಿಯ ಹುಡುಗರು ಒಬ್ಬನ ಮೊಬೈಲಿನ ಸುತ್ತ ನಾಲ್ಕು ತಲೆ ಸೇರಿಸಿ, ಎಲ್ಲೋ ಯಾರೋ ಡಬ್ಬಿ ಬಿಚ್ಚುವ ವಿಡಿಯೋ ನೋಡುತ್ತಿದ್ದರು. ಕೊಳ್ಳುವ ಮಾತು ಅವರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಆದರೂ ಒಳಗೆ ಎಷ್ಟು ಜಿಬಿ ಜಾಗವಿದೆ, ಬಿಳಿ ಹೊದಿಕೆ ಹೇಗೆ ಕಳಚುತ್ತದೆ, ಫ್ಯಾನು ಎಷ್ಟು ಸದ್ದು ಮಾಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ಕೊಳ್ಳಲಾಗದ ವಸ್ತುವಿಗೆ ಕಾಯುವುದನ್ನು ದೊಡ್ಡವರು ಖಾಲಿ ಕೆಲಸವೆಂದು ಬಗೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಪಂಚಮಿ ಇನ್ನೂ ತಿಂಗಳಿರುವಾಗಲೇ ಜೋಕಾಲಿಗೆ ಯಾವ ಗಿಡ, ಯಾವ ಟೊಂಗೆ ಎಂದು ಮಕ್ಕಳು ಲೆಕ್ಕ ಹಾಕುವ ಊರು ನಮ್ಮದು. ಕಾಯುವ ಆ ದಿನಗಳೂ ಹಬ್ಬದ ಲೆಕ್ಕಕ್ಕೇ ಸೇರುತ್ತವೆ. ನನ್ನ ಕಾಳಜಿ ಬೇರೆ. ಯಂತ್ರ ನಮ್ಮ ಕೈಗೆ ಬರುವ ಮೊದಲೇ ಅದರ ಬಗ್ಗೆ ನಾವು ಏನು ಅಂದುಕೊಳ್ಳಬೇಕು ಎಂಬುದನ್ನೂ ಬೇರೆಯವರು ಮುಗಿಸಿ ಕೊಟ್ಟುಬಿಟ್ಟರೆ, ನಮ್ಮ ಪಾಲಿಗೆ ಏನು ಉಳಿಯಿತು?

ಈ ಭಾಗಕ್ಕೆ ಗೇಮ್ ಯಂತ್ರ ಮೊದಲು ಬಂದ ಕಾಲವನ್ನು ನೆನೆಯಬೇಕು. ತೊಂಬತ್ತರ ದಶಕ. ಸೋಲಾಪುರದಿಂದಲೋ ಮುಂಬೈಯಿಂದಲೋ ಯಾರಾದರೂ ‘ಟಿವಿ ಗೇಮ್’ ತಂದರೆ ಓಣಿಗೆಲ್ಲ ಸುದ್ದಿ. ಜಪಾನಿನ ಕ್ಯೋಟೋ ಪಟ್ಟಣದ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಹೊರತಂದ ಫ್ಯಾಮಿಕಾಂ ಎಂಬ ಯಂತ್ರದ ನಕಲು ಅದು. ಅಸಲಿ ಯಂತ್ರದ ಹೆಸರನ್ನೂ ನಾವು ಕೇಳಿರಲಿಲ್ಲ. ನಮಗೆ ಬಂದ ಸುದ್ದಿ ಇಷ್ಟೇ: ಟಿವಿಯೊಳಗಿನ ಗೊಂಬೆಯನ್ನು ನಮ್ಮ ಕೈಯಿಂದ ಓಡಿಸಬಹುದಂತೆ. ಚಿತ್ರವಿಲ್ಲ, ಜಾಹೀರಾತಿಲ್ಲ, ನೋಡಿಬಂದವರಿಲ್ಲ. ಮುಂದಿನದೆಲ್ಲ ನಾವೇ ಊಹಿಸಿಕೊಳ್ಳಬೇಕು. ಗೊಂಬೆಯನ್ನು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಂದು ಒಬ್ಬ ಹೇಳಿದರೆ, ನಾವು ನಂಬಿ ಅದಕ್ಕೊಂದು ಹೆಸರು ಹುಡುಕುತ್ತಿದ್ದೆವು.

ಯಂತ್ರ ಬಂದ ದಿನ ಮೊದಲ ಅರ್ಧ ತಾಸು ಆಟವೇ ಇಲ್ಲ. ಟಿವಿಯ ಹಿಂದಿನ ಆಂಟೆನಾ ವೈರು ಕಿತ್ತು ಗೇಮಿನ ವೈರು ಸಿಕ್ಕಿಸಿ, ಚಾನೆಲ್ ತಿರುವುತ್ತ ಕೂರಬೇಕು. ಪರದೆ ತುಂಬ ಬರೀ ಚುಕ್ಕೆ, ಬರೀ ಸರ್ರೆಂಬ ಸದ್ದು. ತಿರುವುತ್ತ ತಿರುವುತ್ತ ಒಂದು ಕ್ಷಣ ನೀಲಿ ಆಕಾಶದಂಥದ್ದೇನೋ ಮಿಂಚಿ ಹೋಗುತ್ತದೆ. ‘ಹಿಂದಕ್ಕ, ಹಿಂದಕ್ಕ!’ ಎಂದು ಹತ್ತು ಬಾಯಿ ಒಟ್ಟಿಗೆ ಕೂಗುತ್ತವೆ. ಕಡೆಗೆ ಚಿತ್ರ ನಿಂತಾಗ ಎದ್ದ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದು ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಟದ ಡಬ್ಬಿಗೆ ನಾವು ಅನ್ನುತ್ತಿದ್ದದ್ದು ಕ್ಯಾಸೆಟ್. ಅದು ಸರಿಯಾಗಿ ಹಿಡಿಯದಿದ್ದರೆ ಹೊರತೆಗೆದು ಬಾಯಿಯಿಂದ ಊದಿ ಮತ್ತೆ ಹಾಕುವುದು. ಕಾಂಟ್ರಾ, ಸೂಪರ್ ಮಾರಿಯೋ ಮತ್ತು ಬಾತುಕೋಳಿ ಹೊಡೆಯುವ ಆಟ ಎಲ್ಲರಿಗೂ ಬೇಕು. ಆಡಿದ್ದನ್ನು ಉಳಿಸಿಡುವ ಸೌಲಭ್ಯ ಆ ಯಂತ್ರದಲ್ಲಿ ಇರಲಿಲ್ಲ. ನಡುವೆ ಕರೆಂಟ್ ಹೋದರೆ ಗೆದ್ದದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ. ಆಗ ನಮ್ಮ ಕಡೆ ಕರೆಂಟ್ ಹೋಗದ ಸಂಜೆ ಎಲ್ಲಿತ್ತು?

ಬಾತುಕೋಳಿ ಆಟದ ಬಂದೂಕಿನ ಗುಟ್ಟು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಬಂದೂಕಿನಿಂದ ಏನೋ ಹಾರಿ ಟಿವಿಗೆ ಬಡಿಯುತ್ತದೆಂದು ನಾವೆಲ್ಲ ತಿಳಿದಿದ್ದೆವು. ಅದರಿಂದ ಏನೂ ಹೊರಡುವುದಿಲ್ಲ. ನಳಿಕೆಯೊಳಗೆ ಬೆಳಕನ್ನು ಗುರುತಿಸುವ ಸಣ್ಣದೊಂದು ಬಿಡಿಭಾಗ ಇರುತ್ತದೆ. ಕುದುರೆ ಒತ್ತಿದ ಕೂಡಲೇ ಪರದೆ ರೆಪ್ಪೆ ಬಡಿಯುವಷ್ಟರಲ್ಲಿ ಪೂರ್ತಿ ಕಪ್ಪಾಗಿ, ಮರುಕ್ಷಣ ಹಕ್ಕಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕವೊಂದು ಬೆಳಗುತ್ತದೆ. ನಳಿಕೆ ಆ ಬಿಳಿಯನ್ನು ಕಂಡರೆ ಹಕ್ಕಿ ಬಿತ್ತು, ಕಾಣದಿದ್ದರೆ ಹಾರಿಹೋಯಿತು. ಅಂದರೆ ಬಂದೂಕು ಹೊಡೆಯುತ್ತಿರಲಿಲ್ಲ, ನೋಡುತ್ತಿತ್ತು. ಹಳೆಯ ಡಬ್ಬಿ ಟಿವಿಯಲ್ಲಿ ಚಿತ್ರ ಆ ಕ್ಷಣವೇ ಮೂಡುತ್ತಿದ್ದುದರಿಂದ ಇದೆಲ್ಲ ಸಾಧ್ಯವಿತ್ತು. ಇಂದಿನ ಚಪ್ಪಟೆ ಟಿವಿಗಳು ಚಿತ್ರ ತೋರಿಸಲು ತುಸು ತಡಮಾಡುತ್ತವೆ. ಹೀಗಾಗಿ ಆ ಬಂದೂಕು ಈಗ ಕೆಲಸಕ್ಕೆ ಬಾರದು.

ಆ ಯಂತ್ರ ಹುಟ್ಟಿದ ಹತ್ತು ಹನ್ನೆರಡು ವರ್ಷದ ಮೇಲೆ ನಮ್ಮ ಓಣಿಗೆ ಬಂತು. ಜಗತ್ತಿನ ಲೆಕ್ಕದಲ್ಲಿ ಆಗಲೇ ಅದು ಹಳತು. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಕೂಡ ಬಂದಾಗಿತ್ತು. ನಮಗೆ ಅದರ ಗೊಡವೆಯೇ ಇರಲಿಲ್ಲ. ನೀಲಿ ಆಕಾಶ ಮಿಂಚಿದ ಆ ಸಂಜೆಯೇ ನಮಗೆ ಬಿಡುಗಡೆಯ ದಿನ. ಕ್ಯೋಟೋದ ಹುಡುಗನಿಗೆ 1983ರಲ್ಲಿ ಆದ ಬೆರಗಿಗಿಂತ ನಮ್ಮದು ಎಳ್ಳಷ್ಟೂ ಕಡಿಮೆಯದಾಗಿರಲಿಲ್ಲ.

ತಡವಾದದ್ದರಿಂದ ಒಂದು ಲಾಭವೂ ಆಯಿತು. ಫ್ಯಾಮಿಕಾಮಿನ ಮೊದಲ ಕಂತಿನ ಯಂತ್ರಗಳಲ್ಲಿ ಚಿಪ್ ದೋಷವಿತ್ತು, ಆಟದ ನಡುವೆ ನಿಂತುಬಿಡುತ್ತಿದ್ದವು. ಕಂಪನಿ ಅವನ್ನು ಹಿಂದಕ್ಕೆ ಕರೆಸಿಕೊಂಡು ಸರಿಮಾಡಿ ಕೊಡಬೇಕಾಯಿತು. ಅದರ ಹೆಸರನ್ನು ಜಗತ್ತಿಗೆ ಒಯ್ದ ಸೂಪರ್ ಮಾರಿಯೋ ಬ್ರದರ್ಸ್ ಬಂದದ್ದು ಎರಡು ವರ್ಷ ಕಳೆದು, 1985ರ ಸೆಪ್ಟೆಂಬರ್ 13ಕ್ಕೆ. ಮೊದಲ ದಿನ ಸರದಿಯಲ್ಲಿ ನಿಂತು ಕೊಂಡವನ ಡಬ್ಬಿಯಲ್ಲಿ ಸೂಪರ್ ಮಾರಿಯೋ ಇರಲಿಲ್ಲ. ನಮ್ಮ ನಕಲಿ ಕ್ಯಾಸೆಟ್ಟಿನಲ್ಲಿ ಇದ್ದ. ಇದು ಹಳೆಯ ಕಾಲಕ್ಕಷ್ಟೇ ನಿಂತ ಸಂಗತಿಯಲ್ಲ. 2005ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ 360ಕ್ಕೆ ಮೊದಮೊದಲು ಸಿಕ್ಕ ಹೊಗಳಿಕೆ ಸಣ್ಣದಲ್ಲ. ಎರಡು ವರ್ಷದೊಳಗೆ ಮನೆಮನೆಯಲ್ಲಿ ಅದರ ಮುಂದಿನ ದೀಪ ಕೆಂಪಾಗಿ ಯಂತ್ರ ಸತ್ತುಬೀಳತೊಡಗಿತು; 2007ರಲ್ಲಿ ಕಂಪನಿ ಅದರ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಡಬೇಕಾಯಿತು. ಸೋನಿಯ ಪ್ಲೇಸ್ಟೇಷನ್ 3 ಇದಕ್ಕೆ ಉಲ್ಟಾ. 2006ರಲ್ಲಿ ಬೆಲೆ ಜಾಸ್ತಿಯಾಯಿತೆಂದು ಎಲ್ಲರಿಂದಲೂ ಬೈಸಿಕೊಂಡಿತು, ಆಮೇಲೆ ಎಂಟು ಕೋಟಿಗೂ ಮೀರಿ ಮಾರಾಟವಾಯಿತು. ಮೊದಲ ವಾರದಲ್ಲಿ ಆಡಿದ ಮಾತು ಯಂತ್ರದ ಹೊರಮೈಯನ್ನು ಹೇಳೀತು. ಅದರ ಹಣೆಬರಹ ಬರೆಯುವುದು ಮುಂದೆ ಬರುವ ಆಟಗಳು.

ಈಗ ಸುದ್ದಿ ತಡವಾಗುವುದಿಲ್ಲ, ವಸ್ತು ಮಾತ್ರ ತಡವಾಗುತ್ತದೆ. ನಿಂಟೆಂಡೊ ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು. ನಾಲ್ಕೇ ದಿನದಲ್ಲಿ ಜಗತ್ತಿನಾದ್ಯಂತ 35 ಲಕ್ಷ ಮಾರಾಟವಾಯಿತು. ನಮ್ಮ ದೇಶದಲ್ಲಿ ಆಗ ಅದರ ಅಧಿಕೃತ ಬಿಡುಗಡೆಯೇ ಇರಲಿಲ್ಲ. 2024ರ ನವೆಂಬರ್ 7ರಂದು ಹೊರಬಂದ ಪ್ಲೇಸ್ಟೇಷನ್ 5 ಪ್ರೊ ಕೂಡ ಅಂದು ಭಾರತಕ್ಕೆ ಬರಲಿಲ್ಲ. ಅದರೊಳಗಿನ ಹೊಸ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಪಟ್ಟಿಗೆ ಇಲ್ಲಿ ಆಗ ಇನ್ನೂ ಅನುಮತಿ ಇರಲಿಲ್ಲವೆಂಬುದು ಕಂಪನಿ ಕೊಟ್ಟ ಕಾರಣ. ಹೀಗೆ ವಸ್ತು ಕೈಗೆ ಸಿಗದೆ, ಅದರ ಮೇಲಿನ ಅಭಿಪ್ರಾಯ ಮಾತ್ರ ದಿನವೂ ಮೊಬೈಲಿಗೆ ಬಂದು ಬೀಳುತ್ತದೆ. ‘ಈ ಸಲ ಅಷ್ಟೇನ್ ಹೊಸಾದಿಲ್ರಿ’ ಎಂದು ಯಂತ್ರವನ್ನು ಮುಟ್ಟದ ಹುಡುಗ ನಿಟ್ಟುಸಿರಿಟ್ಟು ಹೇಳಿದರೆ ನನಗೆ ಸಂಕಟವಾಗುತ್ತದೆ. ಅದು ಅವನ ಬೇಸರವಲ್ಲ. ಮನೆಯಲ್ಲಿ ಆಗಲೇ ಮೂರು ಯಂತ್ರ ಇಟ್ಟುಕೊಂಡಿರುವ ಇನ್ನೊಬ್ಬನ ಬೇಸರ.

ನಮ್ಮ ಓಣಿಯ ಹುಡುಗನೊಬ್ಬ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಡಿಪ್ಲೊಮಾ ಓದುತ್ತಾನೆ. ಇತ್ತೀಚೆಗೆ ಗೆಳೆಯರೊಂದಿಗೆ ಅಲ್ಲಿ ತಾಸಿಗಿಷ್ಟು ಎಂದು ದುಡ್ಡು ಕೊಟ್ಟು ಪ್ಲೇಸ್ಟೇಷನ್ 5 ಆಡಿ ಬಂದ. ಚಿತ್ರ ಎಷ್ಟು ಚೆನ್ನಾಗಿತ್ತೆಂದು ಹೇಳುತ್ತಾನೆಂದು ನಾನು ಕಾದೆ. ಅವನು ಹೇಳಿದ್ದೇ ಬೇರೆ. ‘ವಿಡಿಯೋದಾಗ ಎಲ್ಲಾ ನೋಡಿದ್ದೆ ಕಾಕಾ, ಆದ್ರ ಇದೊಂದು ಗೊತ್ತಾಗಿದ್ದಿಲ್ಲ. ಗೊಂಬಿ ಮಳಿಯಾಗ ನಿಂತ್ರ ಹನಿ ನಮ್ಮ ಅಂಗೈಯಾಗ ಬಿದ್ದಂಗ ಆಗ್ತೈತ್ರಿ. ಉಸುಕಿನ ಮ್ಯಾಲ ನಡದ್ರ ಒಂದ್ ನಮೂನಿ, ಗಾಜಿನ ಮ್ಯಾಲ ನಡದ್ರ ಒಂದ್ ನಮೂನಿ.’

ಅವನು ಆಡಿದ್ದು ಆಸ್ಟ್ರೋಸ್ ಪ್ಲೇರೂಮ್. ಪ್ಲೇಸ್ಟೇಷನ್ 5ರ ಜೊತೆಗೇ ಪುಕ್ಕಟೆ ಬರುವ ಸಣ್ಣ ಆಟ. ಹಳೆಯ ಕಂಟ್ರೋಲರಿನಲ್ಲಿ ಒಂದು ಬದಿಗೆ ಭಾರ ಕಟ್ಟಿದ ಪುಟ್ಟ ಮೋಟಾರು ತಿರುಗಿ ಕೈಯನ್ನು ಗಡಗಡ ಅಲ್ಲಾಡಿಸುತ್ತಿತ್ತು, ಅಷ್ಟೆ. ಹೊಸದರಲ್ಲಿ ಸ್ಪೀಕರಿನಲ್ಲಿರುವಂಥ ಸುರುಳಿಗಳು ಎರಡೂ ಹಿಡಿಕೆಯಲ್ಲಿದ್ದು, ಬೇಕಾದಲ್ಲಿ ಬೇಕಾದಷ್ಟೇ ಮಿಡಿಯುತ್ತವೆ. ಬೆರಳಿಂದ ಒತ್ತುವ ಕುದುರೆಯ ಹಿಂದೆ ಪುಟ್ಟ ಮೋಟಾರು ಮತ್ತು ಗೇರು ಕೂತು, ಬಿಲ್ಲಿನ ಹೆದೆ ಎಳೆಯುವಾಗ ಬೆರಳಿಗೆ ಎದುರು ಒತ್ತಡ ಕೊಡುತ್ತವೆ. ಇದನ್ನು ಯಾವ ವಿಡಿಯೋ ಎಷ್ಟು ಚೆಂದ ವಿವರಿಸಿದರೂ ಪರದೆಯಿಂದ ಅಂಗೈಗೆ ದಾಟಿಸಲಾಗದು. ಯಂತ್ರ ಬಿಡುಗಡೆಯಾಗಿ ವರ್ಷಗಳೇ ಸರಿದಿದ್ದವು. ಆ ಮಳೆಹನಿ ಅವನ ಅಂಗೈಗೆ ಬಿದ್ದದ್ದು ಮಾತ್ರ ಅವತ್ತೇ ಮೊದಲು. ಹೇಳುವಾಗ ಅವನು ಎರಡೂ ಅಂಗೈ ಚಾಚಿ, ಹನಿ ಎಲ್ಲೆಲ್ಲಿ ಬಿತ್ತೆಂದು ತೋರಿಸುತ್ತಿದ್ದ.

ಅವನೀಗ ಗ್ರ್ಯಾಂಡ್ ಥೆಫ್ಟ್ ಆಟೊ 6ಕ್ಕೆ ಕಾಯುತ್ತಿದ್ದಾನೆ. ಮೊದಲ ಟ್ರೇಲರ್ ಬಂದದ್ದು 2023ರ ಡಿಸೆಂಬರಿನಲ್ಲಿ. ಬಿಡುಗಡೆ ಮೊದಲು 2025 ಎಂದರು, ಆಮೇಲೆ 2026ರ ಮೇ 26, ಮತ್ತೆ ಮುಂದೂಡಿ 2026ರ ನವೆಂಬರ್ 19. ಇದು ಹದಿನೆಂಟು ದಾಟಿದವರಿಗೆಂದೇ ಮಾಡಿದ ಆಟಗಳ ಸರಣಿ. ಸಣ್ಣ ಮಕ್ಕಳ ಕೈಗೆ ಕೊಡುವಂಥದ್ದಲ್ಲವೆಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಬೇಕು. ಆದರೆ ಇದನ್ನು ಮಾಡುವ ರಾಕ್‌ಸ್ಟಾರ್ ಕಂಪನಿಯ ಒಂದು ಸ್ಟುಡಿಯೋ ಬೆಂಗಳೂರಿನಲ್ಲೇ ಇದೆ ಎಂದಾಗ ಹುಡುಗ ಕಣ್ಣರಳಿಸಿದ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಎಕ್ಸ್‌ಬಾಕ್ಸಿನ ಫೋರ್ಜಾ ಆಟಗಳ ಕಾರುಗಳನ್ನು ರೂಪಿಸುವ ಕೆಲಸದಲ್ಲಿ ಹೆಸರು ಮಾಡಿತ್ತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನಲ್ಲಿ ಸೇರಿಸಿಕೊಂಡಿತು. ದೂರದೇಶದಿಂದಲೇ ಬರಬೇಕೆಂದು ನಾವು ಕಾಯುವ ವಸ್ತುವಿನಲ್ಲಿ ನಮ್ಮ ರಾಜ್ಯದ ಕೈಕೆಲಸವೂ ಸೇರಿರುತ್ತದೆ.

ಆಡಲು ಯಂತ್ರ ಬೇಕಲ್ಲ. ಪ್ಲೇಸ್ಟೇಷನ್ 5ರ ತೆಳು ಮಾದರಿ 2024ರಲ್ಲಿ ಬಂದಾಗ ಅದರ ಬೆಲೆ, ಡಿಸ್ಕ್ ಹಾಕುವಂಥದ್ದಕ್ಕೆ, 54,990 ರೂಪಾಯಿ ಇತ್ತು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 8,000. ಹತ್ತಿರ ಹತ್ತಿರ ಏಳು ಕ್ವಿಂಟಲ್ ತೊಗರಿ. ಹುಡುಗನ ಅಪ್ಪ ಈ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸಿದ. ಬೈಯಲಿಲ್ಲ. ‘ರಾಶಿ ಆಗ್ಲಿ, ನೋಡೋಣು’ ಎಂದ. ಆಟ ಬರುವ ನವೆಂಬರಿನಲ್ಲಿ ನಮ್ಮ ಎರೆ ಹೊಲಗಳ ತೊಗರಿ ಇನ್ನೂ ಹೂವು ಕಾಯಿಯಲ್ಲಿರುತ್ತದೆ. ರಾಶಿಯಾಗಿ ಮಾರಿ ದುಡ್ಡು ಕೈಸೇರುವಾಗ ಸಂಕ್ರಾಂತಿ ಕಳೆದಿರುತ್ತದೆ. ಅಂದರೆ ಊರೆಲ್ಲ ಆಡಿದ ಮೇಲೆ ಎರಡು ತಿಂಗಳಿಗೆ ಅವನ ಪಾಳಿ, ಅದೂ ಬೆಳೆ ಕೈಕೊಡದಿದ್ದರೆ.

ಹುಡುಗ ಒಪ್ಪಿಕೊಂಡಿದ್ದಾನೆ. ಕಾಯುವುದು ಅವನಿಗೆ ಕಷ್ಟವಲ್ಲ. ‘ಅಷ್ಟರಾಗ ಕಥಿ ಯಾರಾದ್ರೂ ಹೇಳಿಬಿಟ್ರ?’ ಎಂಬುದೊಂದೇ ಅವನ ಚಿಂತೆ. ಆ ಎರಡು ತಿಂಗಳು ಅವನ ಎದುರಿಗೆ ವಿಡಿಯೋ ಹಚ್ಚಬೇಡಿ, ಆಟದ ಸುದ್ದಿ ತೆಗೆಯಬೇಡಿ ಎಂದು ಅವನ ಗೆಳೆಯರಿಗೆ ನಾನೇ ಹೇಳಿಟ್ಟಿದ್ದೇನೆ. ಅವರೂ ಹೂಂ ಅಂದಿದ್ದಾರೆ.