ಭಾನುವಾರದ ರೊಟ್ಟಿ

ನಮ್ಮ ಚಿಕ್ಕಮ್ಮ 30 ವರ್ಷ ಸಾಫ್ಟ್‌ಬಾಲ್ ಆಡಿದಳು. ಹೀಗಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ‘ಸ್ಟೇಟ್ ಲೆವೆಲ್ಲಾ, ನ್ಯಾಷನಲ್ಲಾ?’ ಎರಡೂ ಅಲ್ಲ. ಬಳ್ಳಾರಿಯಲ್ಲಿ ಕಾಲೇಜು ಓದುವಾಗ ಹಿಡಿದ ಹುಚ್ಚು. ಸಿರುಗುಪ್ಪದಲ್ಲಿ ಟೀಚರ್ ಆಗಿ, ಮದುವೆಯಾಗಿ, ಎರಡು ಮಕ್ಕಳಾದ ಮೇಲೂ ಭಾನುವಾರ ಬಂತೆಂದರೆ ಗ್ಲೋವ್ ಚೀಲಕ್ಕೆ ತುರುಕಿಕೊಂಡು ಬಳ್ಳಾರಿ ಬಸ್ಸು ಹತ್ತುತ್ತಿದ್ದಳು. ಇದರಿಂದ ಒಂದು ರೂಪಾಯಿ ಬರಲಿಲ್ಲ. ಬಂದದ್ದು ಸೊಟ್ಟಗಾದ ಒಂದು ಬೆರಳು. (ಹೆಸರಲ್ಲಿ ಸಾಫ್ಟ್ ಇದೆ ಅಂತ ನಂಬಬೇಡಿ. 12 ಇಂಚು ಸುತ್ತಳತೆಯ ಆ ಚೆಂಡು ಒಮ್ಮೆ ತಾಗಿದರೆ ಗೊತ್ತಾಗುತ್ತೆ.)

‘ಏನ್ ಸಿಗ್ತೈತಿ ನಿಂಗ ಇದ್ರಾಗ?’ ಅಂತ ಅಜ್ಜಿ ಗೊಣಗುತ್ತಿದ್ದಳು.

‘ಆಡಾಕ ಸಿಗ್ತೈತಲ್ಲಬೇ.’

ಈ ಉತ್ತರವನ್ನು ನಾನು ಬೆಂಗಳೂರಿನಲ್ಲಿ ಎಷ್ಟೋ ಜನಕ್ಕೆ ಹೆಮ್ಮೆಯಿಂದ ಹೇಳಿದ್ದೇನೆ. ಗಿಟಾರ್ ಕಲಿತರೂ ಅದರಿಂದ ನಾಲ್ಕು ಕಾಸು ಹುಟ್ಟಬೇಕು ಅನ್ನೋ ಕಾಲ ಇದು. ಜಪಾನಿನ ಯುಕಿಕೊ ಉಎನೊ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡೇ ದಿನದಲ್ಲಿ 413 ಚೆಂಡು ಎಸೆದು ಚಿನ್ನ ಗೆದ್ದಳು. ಆಮೇಲೆ ಸಾಫ್ಟ್‌ಬಾಲನ್ನೇ ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ಅವಳು ಆಡುತ್ತಲೇ ಇದ್ದಳು. 2021ರಲ್ಲಿ ಟೋಕಿಯೋದಲ್ಲಿ ಆಟ ವಾಪಸ್ ಬಂದಾಗ, 39ನೇ ವಯಸ್ಸಿನಲ್ಲಿ ಮತ್ತೆ ಚಿನ್ನ. ನಡುವಿನ 13 ವರ್ಷವನ್ನು ನಾವು ತಪಸ್ಸು ಅಂತೀವಿ. ಟೋಕಿಯೋ ಬರದೇ ಹೋಗಿದ್ದರೆ? ಅದೇ 13 ವರ್ಷ, ಅದೇ ಬೆವರು. ಆಗ ಅದು ದಂಡ ಅನ್ನಿಸಿಕೊಳ್ಳುತ್ತಿತ್ತಾ? ಚಿಕ್ಕಮ್ಮನ ಪರವಾಗಿ ನಾನು ಹೂಡುತ್ತಿದ್ದ ವಾದ ಇದು. ಈಗಲೂ ತಪ್ಪು ಅನ್ನಿಸಿಲ್ಲ.

ಆದರೆ ಒಂದು ಬಾಕಿ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಅಮೆಚೂರ್ ಅನ್ನೋ ಪದದ ಬೇರು ‘ಪ್ರೀತಿಸು’ ಅನ್ನುವ ಲ್ಯಾಟಿನ್ ಪದ. ಕೇಳೋಕೆ ಚಂದ. ಆದರೆ ಇಂಗ್ಲೆಂಡಿನ ಹೆನ್ಲಿ ದೋಣಿ ಪಂದ್ಯದವರು 1879ರಲ್ಲಿ ಮಾಡಿದ ನಿಯಮದಲ್ಲಿ, ಕೂಲಿಗೆ ದುಡಿಯುವ ಕುಶಲಕರ್ಮಿಯಾಗಲಿ ಕಾರ್ಮಿಕನಾಗಲಿ ಅಮೆಚೂರ್ ಅಲ್ಲವೇ ಅಲ್ಲ. ಅಂದರೆ ಆಟವನ್ನು ಬರೀ ಪ್ರೀತಿಗಾಗಿ ಆಡೋಕೆ ಮನೆಯಲ್ಲಿ ಬೇರೆಯವರು ದುಡೀತಿರಬೇಕು.

ಚಿಕ್ಕಮ್ಮನ ಭಾನುವಾರಕ್ಕೆ ದುಡಿದವಳು ನಮ್ಮಮ್ಮ. ಸಿರುಗುಪ್ಪದಿಂದ ಬರುವಾಗ ಚಿಕ್ಕಮ್ಮ ಕುರುಗೋಡಿನಲ್ಲಿ ಇಳಿದು, ಮಕ್ಕಳನ್ನು ನಮ್ಮ ಮನೆಯಲ್ಲಿ ಬಿಟ್ಟು, ಮುಂದಿನ ಬಸ್ಸಿಗೆ ಓಡುತ್ತಿದ್ದಳು. ಇಬ್ಬರಲ್ಲ, ನಾಲ್ಕು ಮಕ್ಕಳಿಗೆ ನೀರು ಹಾಕಿ, ರೊಟ್ಟಿ ಬಡಿದು, ಜಗಳ ಬಿಡಿಸಿ, ಸಂಜೆ ಚಿಕ್ಕಮ್ಮ ಕೆಮ್ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ಬಂದಾಗ ಚಹಾ ಇಡುತ್ತಿದ್ದವಳು ಅಮ್ಮ. ನಮಗೆ ಹೀರೋ ಮಾತ್ರ ಚಿಕ್ಕಮ್ಮ.

ಸಾಫ್ಟ್‌ಬಾಲ್‌ನಲ್ಲಿ ‘ಸ್ಯಾಕ್ರಿಫೈಸ್ ಬಂಟ್’ ಅಂತ ಒಂದಿದೆ. ಬ್ಯಾಟ್ ಬೀಸದೆ ಚೆಂಡಿಗೆ ಸುಮ್ಮನೆ ಅಡ್ಡ ಹಿಡಿದು, ತಾನು ಔಟಾಗಿ, ಬೇಸ್ ಮೇಲಿರುವ ಜೊತೆಗಾತಿಯನ್ನು ಮುಂದಿನ ಬೇಸಿಗೆ ದಾಟಿಸೋದು. ಸ್ಕೋರ್ ಪುಸ್ತಕದಲ್ಲಿ ಅದಕ್ಕೊಂದು ಗುರುತು ಹಾಕ್ತಾರೆ, ಆಕೆಯ ಸರಾಸರಿಗೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ತಾರೆ. ಹೋದ ಸಲ ಊರಿಗೆ ಹೋದಾಗ ಇದನ್ನು ಅಮ್ಮನಿಗೆ ವಿವರಿಸಿ, ‘ನೀನು ಮಾಡಿದ್ದೂ ಅದೇನಮ್ಮ’ ಅಂದೆ. ಚಿಕ್ಕಮ್ಮನೂ ಅಲ್ಲೇ ಕೂತಿದ್ದಳು. ಅಮ್ಮ ಕಣ್ಣೊರೆಸಿಕೊಳ್ತಾಳೆ ಅಂದುಕೊಂಡಿದ್ದೆ.

‘ಹಂಗ ಅಡ್ಡ ಹಿಡಿ ಅಂತ ಯಾರು ಹೇಳ್ತಾರ?’

‘ಕೋಚು. ದೂರದಿಂದ ಕೈಸನ್ನೆ ಮಾಡ್ತಾರೆ.’

‘ಹ್ಞಾಂ. ನಂಗ ಸನ್ನೀನೂ ಮಾಡಲಿಲ್ಲ ಯಾರೂ. ತ್ಯಾಗ ಅನಬ್ಯಾಡ, ಕೊಟ್ಟೋರಿಗೆ ಅಂತಾರ ಅದನ್ನ. ನನ್ನ ಕೇಳಿದ್ರ ಕೊಡ್ತಿದ್ನೋ ಏನೋ. ಕೇಳಲಿಲ್ಲ.’

ಸಿಟ್ಟಿನಿಂದ ಹೇಳಲಿಲ್ಲ. ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಹೇಳಿದಳು. ಚಿಕ್ಕಮ್ಮ ಬೆರಳು ನೋಡಿಕೊಳ್ಳುತ್ತಾ ಕೂತಳು.

ಹಾಗಾದರೆ ಚಿಕ್ಕಮ್ಮ ಆಡಬಾರದಿತ್ತಾ? ಹಾಗನ್ನೋಕೆ ನನಗೆ ಬಾಯಿ ಬರಲ್ಲ. ಅವಳು ಬಿಟ್ಟಿದ್ದರೆ ಅಮ್ಮನಿಗೇನೂ ಸಿಗುತ್ತಿರಲಿಲ್ಲ, ಅಡುಗೆಮನೆಯಲ್ಲಿ ಇನ್ನೊಬ್ಬಳು ಸೇರುತ್ತಿದ್ದಳು ಅಷ್ಟೆ. ಅದೇ ಭಾನುವಾರ ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಮನೆಯಲ್ಲೇ ಇರುತ್ತಿದ್ದರು. ಅವರ ಹೆಸರು ಈ ಲೆಕ್ಕದಲ್ಲಿ ಇಷ್ಟು ತಡವಾಗಿ ಬಂತು ನೋಡಿ, ಬರೆಯುತ್ತಿರುವ ನನಗೂ ಈಗ ಹೊಳೆಯಿತು. ಆದರೂ ಅಕ್ಕನನ್ನು ಒಂದು ಮಾತು ಕೇಳೋಕೆ ಯಾವ ಬಸ್ಸೂ ತಪ್ಪುತ್ತಿರಲಿಲ್ಲ.

ನಾನೂ ಭಾನುವಾರ ಬೆಳಿಗ್ಗೆ ಬ್ಯಾಡ್ಮಿಂಟನ್‌ಗೆ ಹೋಗ್ತೀನಿ. ಆ ಹೊತ್ತಿಗೆ ನಮ್ಮ ಮನೆಗೆ ಅಡುಗೆಯ ಅಕ್ಕ ಬರ್ತಾಳೆ. ಅವಳಿಗೊಂದು ಚಿಕ್ಕ ಮಗು ಇದೆ. ಅದು ಭಾನುವಾರ ಯಾರ ಹತ್ತಿರ ಇರುತ್ತೆ ಅಂತ ಮೂರು ವರ್ಷದಲ್ಲಿ ನಾನು ಕೇಳಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಚಿಕ್ಕಮ್ಮ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ‘ಅಕ್ಕಾ, ನೀ ಇವತ್ತು ಏಳಬ್ಯಾಡ’ ಅಂದಳು. ಅಮ್ಮ ಹತ್ತು ನಿಮಿಷ ಕೂತಳು. ಆಮೇಲೆ, ‘ಉರಿ ಜಾಸ್ತಿ ಆಗೈತಿ, ಸರಿ ಆಕಡೆ’ ಅಂತ ಎದ್ದು ಬಂದಳು. ಚಿಕ್ಕಮ್ಮ ಸರಿಯಲಿಲ್ಲ.