ಸಾಲಕ್ಕೆ ಮನುಷ್ಯ ಅಡವಾಗಬಹುದೇ?

ಪಡೆದ ಸಾಲವನ್ನು ತೀರಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕೊಟ್ಟವನ ಹಣ ಕೊಟ್ಟವನಿಗೆ ಸೇರುವುದು ನ್ಯಾಯ. ಆದರೆ ಆ ನ್ಯಾಯವನ್ನು ಪಡೆಯುವ ಸಲುವಾಗಿ ಏನನ್ನೆಲ್ಲ ಒತ್ತೆಯಾಗಿ ಹಿಡಿದಿಟ್ಟುಕೊಳ್ಳಬಹುದು? ಚಿನ್ನವನ್ನು ಇಟ್ಟುಕೊಳ್ಳಬಹುದು, ಜಮೀನಿನ ಪತ್ರವನ್ನು ಇಟ್ಟುಕೊಳ್ಳಬಹುದು. ಸತ್ತವನ ಶರೀರವನ್ನು ಇಟ್ಟುಕೊಳ್ಳಬಹುದೇ? ಆಸ್ಪತ್ರೆಯ ಬಿಲ್ಲು ಕಟ್ಟುವವರೆಗೆ ಮೃತದೇಹವನ್ನು ಬಿಟ್ಟುಕೊಡಲಿಲ್ಲ ಎಂಬ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೇವೆ. ಓದಿ ಮರುಗಿದ್ದೇವೆ, ಪುಟ ತಿರುವಿದ್ದೇವೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು. ಅದಕ್ಕೆ ತಿದ್ದುಪಡಿ ತರಲು ಸರಕಾರ ಹೊರಟಾಗ, 2017ರ ನವೆಂಬರಿನಲ್ಲಿ, ಖಾಸಗಿ ವೈದ್ಯರು ಮುಷ್ಕರ ಹೂಡಿದರು. ವೈದ್ಯರನ್ನು ಜೈಲಿಗೆ ಕಳುಹಿಸುವ ಪ್ರಸ್ತಾಪದ ಕುರಿತು ದೊಡ್ಡ ಗದ್ದಲವೆದ್ದಿತು. ಆ ಗದ್ದಲದ ನಡುವೆ ತಿದ್ದುಪಡಿಯ ಎರಡು ಸರಳ ವಿಷಯಗಳು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದು ಎಂಬುದು ಒಂದು. ರೋಗಿ ತೀರಿಕೊಂಡರೆ ಬಾಕಿಗಾಗಿ ಮೃತದೇಹವನ್ನು ತಡೆಯದೆ ಮನೆಯವರಿಗೆ ಒಪ್ಪಿಸಬೇಕು, ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು ಎಂಬುದು ಇನ್ನೊಂದು. ಇಲ್ಲಿ ಕಾನೂನು ಸಾಲವನ್ನು ಮನ್ನಾ ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಅದು ಅಡವನ್ನು ಮಾತ್ರ ಬಿಡಿಸಿದೆ.

ಕನ್ನಡಿಗರಿಗೆ ಈ ಸಂದಿಗ್ಧ ಹೊಸದಲ್ಲ. ಹದಿಮೂರನೆಯ ಶತಮಾನದ ರಾಘವಾಂಕನ ಹರಿಶ್ಚಂದ್ರ ಸಾಲ ತೀರಿಸಲು ಹೆಂಡತಿ ಮಕ್ಕಳನ್ನು ಮಾರುತ್ತಾನೆ, ತನ್ನನ್ನೂ ಮಾರಿಕೊಳ್ಳುತ್ತಾನೆ. ಕೊನೆಗೆ ಸುಡುಗಾಡಿನ ಕಾವಲುಗಾರನಾಗಿ, ಸ್ವಂತ ಮಗನ ಹೆಣ ಸುಡಲು ಬಂದ ತಾಯಿಯನ್ನೇ ಶುಲ್ಕಕ್ಕಾಗಿ ತಡೆದು ನಿಲ್ಲಿಸುತ್ತಾನೆ. ಅವನ ಸತ್ಯನಿಷ್ಠೆಗೆ ನಾವು ತಲೆಬಾಗುತ್ತೇವೆ, ನಿಜ. ಆದರೆ ಆ ಕಥೆ ಕೇಳುವಾಗ ನಮ್ಮ ಕಣ್ಣು ತೇವಗೊಳ್ಳುವುದು ಚಂದ್ರಮತಿಗಾಗಿ. ಋಣ ತೀರಿಸುವ ಧರ್ಮ ಎಷ್ಟೇ ದೊಡ್ಡದಾಗಿರಲಿ, ಹೆಣದ ಮುಂದೆ ಕೈಚಾಚಿ ನಿಂತಾಗ ಅದರಲ್ಲಿ ಏನೋ ತಪ್ಪಿದೆ ಎಂದು ನಮ್ಮ ಒಳಮನಸ್ಸು ಹೇಳುತ್ತದೆ.

ಏನು ತಪ್ಪಿದೆ? ಒಂದು ಬಳೆಯನ್ನು ಗಿರವಿ ಇಟ್ಟಾಗ ಆ ಬಳೆಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಸಾಲ ತೀರದಿದ್ದರೆ ಅದನ್ನು ಮಾರಿ ಹಣ ಪಡೆಯಬಹುದು. ಮೃತದೇಹದಿಂದ ಆಸ್ಪತ್ರೆಗೆ ಒಂದು ಕಾಸೂ ಹುಟ್ಟುವುದಿಲ್ಲ. ಅದಕ್ಕೆ ಬೆಲೆಯಿರುವುದು ಹೊರಗೆ ಅಳುತ್ತಾ ಕುಳಿತ ಮನೆಯವರಿಗೆ ಮಾತ್ರ. ಅಂದರೆ ಅಲ್ಲಿ ಅಡವಿಟ್ಟುಕೊಂಡಿರುವುದು ಶವವನ್ನಲ್ಲ, ಅವರ ಪ್ರೀತಿಯನ್ನು ಮತ್ತು ದುಃಖವನ್ನು. ಸಾಲಗಾರನ ಸ್ವತ್ತಿನಿಂದ ವಸೂಲು ಮಾಡುವುದು ಒಂದು, ಅವನ ನೋವಿನಿಂದ ವಸೂಲು ಮಾಡುವುದು ಇನ್ನೊಂದು. ಮೊದಲನೆಯದು ವ್ಯವಹಾರ, ಎರಡನೆಯದು ಹಿಂಸೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಬೇರೆ ಕಡೆಗಳಲ್ಲೂ ಇದೇ ಕಾಣಿಸುತ್ತದೆ. ನರ್ಸ್‌ಗಳ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಮಾಲಕರಿದ್ದಾರೆ. ಆ ಕಾಗದದಿಂದ ಮಾಲಕನಿಗೆ ಯಾವ ಉಪಯೋಗವೂ ಇಲ್ಲ. ಆಕೆಯ ಭಯವೇ ಅವನ ಲಾಭ. ನಮ್ಮ ಕರಾವಳಿಯಿಂದ ಕೊಲ್ಲಿಗೆ ಹೋದವರಿಗೆ ಕಫೀಲನ ಮೇಜಿನ ಡ್ರಾಯರಿನೊಳಗೆ ಸೇರಿದ ಪಾಸ್‌ಪೋರ್ಟಿನ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಕತಾರ್ 2015ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಕಾರ್ಮಿಕ ತಾನಾಗಿ ಬರೆದು ಕೇಳಿಕೊಂಡ ಹೊರತು ಮಾಲಕ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ 25,000 ರಿಯಾಲ್‌ವರೆಗೆ ದಂಡವಿದೆ. ನಮ್ಮ ಹಳ್ಳಿಗಳ ಜೀತವೂ ಬೇರೆಯಾಗಿರಲಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತಿದ್ದ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಆ ಸಾಲವನ್ನೇ ಅಳಿಸಿಹಾಕಿತು.

ಹಾಗೆಂದು ಮಾಲಕನಿಗೆ ಯಾವ ಹಕ್ಕೂ ಇಲ್ಲವೆಂದಲ್ಲ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾದ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ನೀಡಿತು. ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಅದು ಎತ್ತಿಹಿಡಿಯಿತು. ಆ ಮೊತ್ತ ಹೆಚ್ಚಾಯಿತೆಂದು ಯಾರಾದರೂ ವಾದಿಸಬಹುದು. ಆದರೆ ಅದು ಹಣದ ಲೆಕ್ಕ. ಹಣ ಕೊಟ್ಟವನು ಹೊರಡಬಹುದು, ಅವನ ಕಾಲಿಗೆ ಸರಪಳಿಯಿಲ್ಲ.

ಇನ್ನು ಕಂಪೆನಿಗಳ ವಿಷಯಕ್ಕೆ ಬರೋಣ. ಕಂಪೆನಿ ಮುಳುಗಿದರೆ ಅದರ ಪಾಲುದಾರ ತಾನು ಹೂಡಿದ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಅವನ ಮನೆಗೆ ಯಾರೂ ಕೈಹಾಕುವಂತಿಲ್ಲ. ಇಂಗ್ಲೆಂಡಿನಲ್ಲಿ ಈ ರಕ್ಷಣೆ ಕಾನೂನಾದದ್ದು 1855ರಲ್ಲಿ. ಸಾಲ ತೀರಿಸಲಾಗದ ಸಾಮಾನ್ಯನನ್ನು ಸೆರೆಮನೆಗೆ ತಳ್ಳುವ ಪದ್ಧತಿ ಅದೇ ದೇಶದಲ್ಲಿ ಬಹುಮಟ್ಟಿಗೆ ಕೊನೆಗೊಂಡದ್ದು 1869ರಲ್ಲಿ. ಬಂಡವಾಳಕ್ಕೆ ದೊರೆತ ಕರುಣೆ ಬಡವನ ಶರೀರಕ್ಕೆ ದೊರೆಯಲು ಮತ್ತೆ 14 ವರ್ಷ ಬೇಕಾಯಿತು! ನಮ್ಮಲ್ಲಿ 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬ್ಯಾಂಕ್ ಸಾಲದ ಪ್ರಕರಣವೊಂದರಲ್ಲಿ, ಬರೀ ಬಡತನದಿಂದ ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕುವಂತಿಲ್ಲ ಎಂದರು. ಕೈಯಲ್ಲಿದ್ದೂ ಕೊಡದ ಅಪ್ರಾಮಾಣಿಕತೆ ಸಾಬೀತಾಗಬೇಕು. ವ್ಯಾಪಾರದಲ್ಲಿ ಸೋತವನಿಗೆ ಮತ್ತೆ ಬದುಕಲು ಅವಕಾಶ ಬೇಕೆಂದು ಒಪ್ಪುವ ನಾವು, ರೋಗದೆದುರು ಸೋತ ಕುಟುಂಬಕ್ಕೆ ಅದೇ ಅವಕಾಶ ಕೊಡಲು ಹಿಂಜರಿಯುವುದೇಕೆ?

ಆಸ್ಪತ್ರೆಯವರ ಮಾತನ್ನೂ ನಾವು ಕೇಳಬೇಕು. ಔಷಧಿಗೆ, ಆಮ್ಲಜನಕಕ್ಕೆ, ದಾದಿಯರ ಸಂಬಳಕ್ಕೆ ಹಣ ಬೇಕು. ಸಣ್ಣ ಪಟ್ಟಣದಲ್ಲಿ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ವೈದ್ಯ ಕೋಟ್ಯಧೀಶನಲ್ಲ. ಬಾಕಿಗಾಗಿ ಸಿವಿಲ್ ದಾವೆ ಹೂಡಿದರೆ ಇತ್ಯರ್ಥವಾಗಲು ವರ್ಷಗಳು ಬೇಕು. ಹೀಗಿರುವಾಗ 'ಬಿಟ್ಟುಕೊಡಿ' ಎಂದು ಆಜ್ಞೆ ಮಾಡಿ ಸರಕಾರ ಕೈತೊಳೆದುಕೊಂಡರೆ ನಷ್ಟ ವೈದ್ಯನ ತಲೆಗೆ ಬರುತ್ತದೆ. ಕರುಣೆಗೆ ಒಂದು ಖರ್ಚಿದೆ. ಆ ಖರ್ಚನ್ನು ಒಬ್ಬನ ಮೇಲೆ ಹೊರಿಸಿ ಉಳಿದವರು ಪುಣ್ಯ ಹಂಚಿಕೊಳ್ಳುವುದು ಸರಿಯಲ್ಲ. ಸರಕಾರದ ಆರೋಗ್ಯ ಯೋಜನೆಗಳ ಹಣ ಆಸ್ಪತ್ರೆಗೆ ತಡವಿಲ್ಲದೆ ಸೇರಬೇಕು. ಪ್ರತಿ ಊರಿನಲ್ಲೂ ಮದುವೆ, ಉತ್ಸವಗಳಿಗೆ ಲಕ್ಷಗಟ್ಟಲೆ ಸುರಿಯುವ ನಾವು ಇಂತಹ ಬಾಕಿಗಾಗಿ ಒಂದು ಸಣ್ಣ ನಿಧಿಯನ್ನು ಕಟ್ಟಲಾರೆವೇ?

ಸಾಲಗಾರನ ಮೇಲೂ ಹೊಣೆಯಿದೆ. ಕಾನೂನು ಶವವನ್ನು ಬಿಡಿಸಿಕೊಟ್ಟಿತೆಂದು ಬಿಲ್ಲನ್ನು ಹರಿದೆಸೆಯುವವನು ಮುಂದೆ ಆ ಬಾಗಿಲಿಗೆ ಬರುವ ಬಡವನಿಗೆ ಅನ್ಯಾಯ ಮಾಡುತ್ತಾನೆ. ಅಡವಿಲ್ಲದ ಸಾಲಕ್ಕೆ ಮನುಷ್ಯನ ಮಾತೊಂದೇ ಆಧಾರ. ಶಕ್ತಿಯಿದ್ದವನು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿಯಾದರೂ ತೀರಿಸಲಿ. ಶಕ್ತಿಯಿಲ್ಲದವನ ಪರವಾಗಿ ಸಮಾಜ ನಿಲ್ಲಲಿ. ಕಾನೂನು ಆಸ್ಪತ್ರೆಯ ಬಾಗಿಲನ್ನು ತೆರೆಸಿದೆ. ಅದನ್ನು ತೆರೆದೇ ಇಡುವ ಕೆಲಸ ನಮ್ಮೆಲ್ಲರದು.