ಹಳೆಯ ಆಟಗಳ ಅಂಗಡಿ ಮತ್ತು ಒಡೆತನದ ಪ್ರಶ್ನೆ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಯಾವ ಅಧಿಕಾರ ಬರುತ್ತದೆ? ಅದನ್ನು ಉಪಯೋಗಿಸುವ, ಇನ್ನೊಬ್ಬರಿಗೆ ಕೊಡುವ, ಬೇಡವಾದಾಗ ಮಾರುವ ಅಧಿಕಾರವೆಂದು ನಾವು ಸಹಜವಾಗಿ ಉತ್ತರಿಸುತ್ತೇವೆ. ಅದೇ ವಸ್ತುವಿನ ಬಗ್ಗೆ ಅವನಿಗಿರುವ ಹೊಣೆ ಯಾವುದೆಂಬ ಮಾತು ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಈ ಎರಡನ್ನೂ ಒಟ್ಟಿಗೆ ವಿಚಾರಿಸಲು ಇಂಗ್ಲೆಂಡಿನ ಪೇಟೆಬೀದಿಗಳಿಂದ ಹಳೆಯ ವಿಡಿಯೋ ಆಟಗಳು ಹಿಂದೆ ಸರಿದ ಸಂಗತಿ ಒಳ್ಳೆಯ ನಿದರ್ಶನವಾಗಿದೆ. ವಿಷಯ ಮಕ್ಕಳದೆಂದು ತೋರಿದರೂ ಅದರೊಳಗಿನ ಪ್ರಶ್ನೆ ಹಿರಿಯರದು.

1990ರ ದಶಕದಲ್ಲಿ ಆ ದೇಶದ ಅಸಂಖ್ಯ ಮನೆಗಳಲ್ಲಿ ಮೆಗಾ ಡ್ರೈವ್, ಸೂಪರ್ ನಿಂಟೆಂಡೊ ಮೊದಲಾದ ಯಂತ್ರಗಳಿದ್ದವು. ಆಟವು ಅಂಗೈಯಗಲದ ಪ್ಲಾಸ್ಟಿಕ್ ಕಾರ್ಟ್ರಿಜ್‌ನಲ್ಲಿ ಅಡಕವಾಗಿರುತ್ತಿತ್ತು. ಆಡಿ ಮುಗಿಸಿದವನು ಅದನ್ನು ಅಂಗಡಿಗೆ ಮರಳಿಸಿ, ಬಂದ ಬೆಲೆಗೆ ಒಂದಿಷ್ಟು ಸೇರಿಸಿ ಇನ್ನೊಂದನ್ನು ಒಯ್ಯಬಹುದಾಗಿತ್ತು. ಅವನು ಬಿಟ್ಟುಹೋದ ಆಟ ಕಡಿಮೆ ಹಣವುಳ್ಳ ಬಾಲಕನ ಪಾಲಾಗುತ್ತಿತ್ತು. 1992ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಿಇಎಕ್ಸ್, 1993ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದ ಗೇಮ್‌ಸ್ಟೇಷನ್ ಇಂಥ ವ್ಯಾಪಾರ ನಡೆಸಿದವು. ಗೇಮ್‌ಸ್ಟೇಷನ್ನನ್ನು 2007ರಲ್ಲಿ ಗೇಮ್ ಸಮೂಹವು ಕೊಂಡಿತು. 2012ರಲ್ಲಿ ಆ ಸಮೂಹವೇ ಆರ್ಥಿಕ ಸಂಕಟಕ್ಕೆ ಸಿಲುಕಿ, ಗೇಮ್‌ಸ್ಟೇಷನ್ ಎಂಬ ಹೆಸರು ಬೀದಿಯಿಂದ ಅಳಿಯಿತು. 2024ರಲ್ಲಿ ಗೇಮ್ ಅಂಗಡಿಗಳು ಗಿರಾಕಿಗಳಿಂದ ಬಳಸಿದ ಆಟಗಳನ್ನು ಕೊಳ್ಳುವ ಪದ್ಧತಿಯನ್ನೇ ನಿಲ್ಲಿಸಿದವು.

ಇದಕ್ಕಾಗಿ ಅಂಗಡಿಯವನನ್ನು ದೂಷಿಸುವುದು ನ್ಯಾಯವಲ್ಲ. ಬಾಡಿಗೆ ತೆರುವವನು ಯಾವುದು ಮಾರಾಟವಾಗುವುದೋ ಅದನ್ನೇ ಕಪಾಟಿನಲ್ಲಿಡಬೇಕು. ಅಂತರಜಾಲದ ಹರಾಜು ಬಂದ ಮೇಲೆ ಹಳೆಯ ಆಟವುಳ್ಳವರು ಅಂಗಡಿಯನ್ನು ದಾಟಿ ನೇರವಾಗಿ ಮಾರತೊಡಗಿದರು. ಹೊಸ ಆಟಗಳಂತೂ ತಂತಿಯ ಮೂಲಕವೇ ಮನೆಗೆ ಇಳಿದುಬರುತ್ತವೆ. ಆದರೆ ಈ ಬದಲಾವಣೆಯಲ್ಲಿ ಎರಡು ದೋಷಗಳು ಬೆಳೆದಿವೆ. ಅವುಗಳನ್ನು ನಾವು ಗಮನಿಸಬೇಕು.

ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ್ದು. ‘ದಿ ಕ್ರೂ’ ಎಂಬ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸಂಸ್ಥೆ ಮುಚ್ಚಿದಾಗ, ಹಣ ಕೊಟ್ಟು ಡಿಸ್ಕ್ ತಂದವರಿಗೂ ಆಟ ಇಲ್ಲವಾಯಿತು. ಕೊಟ್ಟದ್ದು ತಾತ್ಕಾಲಿಕ ಅನುಮತಿ, ಬಳಸಿದ ಮಾತು ಮಾರಾಟ. ಹೀಗಿರುವಾಗ ಆ ಮಾತು ಸತ್ಯವೇ? ಡಿಜಿಟಲ್ ಸರಕನ್ನು ಅನುಮತಿಯ ರೂಪದಲ್ಲಿ ಮಾತ್ರ ಕೊಡುವವನು ಹಾಗೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂದು ಬರೆಯಕೂಡದೆಂಬ ಕಾನೂನು 2025ರ ಆರಂಭದಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದಿದೆ. ವ್ಯಾಪಾರಿಯ ವಿವೇಕವೇ ಹೇಳಬೇಕಾಗಿದ್ದ ಮಾತನ್ನು ಶಾಸನಸಭೆ ಹೇಳಬೇಕಾಯಿತು.

ಎರಡನೆಯದು ಪರಿಗ್ರಹದ ದೋಷ. 2021ರ ಜುಲೈಯಲ್ಲಿ ‘ಸೂಪರ್ ಮಾರಿಯೋ 64’ ಆಟದ, ಒಮ್ಮೆಯೂ ತೆರೆಯದ ಒಂದು ಪೆಟ್ಟಿಗೆ ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಆಡಿದರೆ ಬೆಲೆ ಇಳಿಯುವುದರಿಂದ ಅದನ್ನು ಯಾರೂ ಆಡಲಾರರು. ಇನ್ನೊಂದೆಡೆ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಹೊಸದಾಗಿ ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತಿಳಿಸಿತು. ದುರ್ಲಭವಾದುದನ್ನು ಮುಚ್ಚಿಟ್ಟಷ್ಟೂ ಅದು ಇನ್ನಷ್ಟು ದುರ್ಲಭವಾಗುತ್ತದೆ. ಆ ದುರ್ಲಭತೆಯೇ ಮುಚ್ಚಿಟ್ಟವನ ಲಾಭವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು: ‘ಹಳೆಯ ಆಟಿಕೆಗಾಗಿ ಮರುಗುವುದೂ ಮೋಹವೇ ಅಲ್ಲವೇ? ಹೋಗುವುದು ಹೋಗಲಿ.’ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ತನ್ನ ಬಾಲ್ಯವನ್ನು ಮರಳಿ ಕೊಳ್ಳಲು ಹವಣಿಸುವವನು ಮೋಹದಲ್ಲಿಯೇ ಇದ್ದಾನೆ. ಅನೇಕ ಹಳೆಯ ಕಾರ್ಟ್ರಿಜ್‌ಗಳಲ್ಲಿ, ಆಟಗಾರ ಎಲ್ಲಿಯವರೆಗೆ ಬಂದನೆಂಬುದನ್ನು ನೆನಪಿಡಲು ಪುಟ್ಟ ಬ್ಯಾಟರಿಯೊಂದಿರುತ್ತದೆ. ಪೆಟ್ಟಿಗೆ ತೆರೆಯದಿದ್ದರೂ ಅದು ವರ್ಷಗಳು ಕಳೆದಂತೆ ಸೋರಗುತ್ತದೆ. ಮುದ್ರೆ ಕಾಲವನ್ನು ತಡೆಯಲಾರದು.

ಆದರೆ ಮೋಹಕ್ಕೂ ಆದರಕ್ಕೂ ಭೇದವಿದೆ. ಪರಿಗ್ರಹವಿರುವುದು ಹಿಡಿತದಲ್ಲಿ. ‘ಇದು ನನ್ನಲ್ಲೇ ಇರಲಿ’ ಎಂಬುದು ಮೋಹ. ‘ಇದು ಬೇಕಾದವರಿಗೆ ದೊರೆಯಲಿ’ ಎಂಬುದು ಅನೇಕರ ಶ್ರಮದಿಂದ ಹುಟ್ಟಿದ ಕೃತಿಗೆ ತೋರುವ ಆದರ. ಹಳೆಯ ಅಂಗಡಿಯ ಕಪಾಟು ಲಾಭಕ್ಕಾಗಿಯೇ ಇದ್ದರೂ ಈ ಎರಡನೆಯ ಕೆಲಸವನ್ನು ತಿಳಿಯದೆಯೇ ಮಾಡುತ್ತಿತ್ತು: ಒಬ್ಬನು ಬಿಟ್ಟುದನ್ನು ಇನ್ನೊಬ್ಬನಿಗೆ ಮುಟ್ಟಿಸುತ್ತಿತ್ತು. ಇಂದು ಆ ಕೆಲಸದ ಸ್ವಲ್ಪ ಭಾಗವನ್ನು, 2018ರಲ್ಲಿ ಶೆಫೀಲ್ಡ್‌ನಲ್ಲಿ ತೆರೆದ, ಬಂದವರು ಆಟಗಳನ್ನು ಆಡಿಯೇ ನೋಡಬಹುದಾದ ವಿಡಿಯೋ ಗೇಮ್ ವಸ್ತುಸಂಗ್ರಹಾಲಯದಂಥವು ಮಾಡುತ್ತಿವೆ.

ಆದುದರಿಂದ ಪ್ರಶ್ನೆ ದೂರದ ದೇಶದ ಅಂಗಡಿಗಳಲ್ಲಿಯೇ ನಿಲ್ಲುವುದಿಲ್ಲ. ನಮ್ಮ ಮನೆಗಳ ಅಟ್ಟದಲ್ಲಿ, ನಮ್ಮ ಸಂಸ್ಥೆಗಳ ಬೀಗ ಹಾಕಿದ ಕಪಾಟುಗಳಲ್ಲಿ ಏನೇನಿದೆಯೋ ಅದನ್ನು ನಾವು ಉಪಯೋಗಕ್ಕಾಗಿ ಇಟ್ಟಿದ್ದೇವೆಯೇ, ಇರಲೆಂದು ಮಾತ್ರ ಇಟ್ಟಿದ್ದೇವೆಯೇ? ಉಪಯೋಗಿಸಲಾರದವನು ಸಕಾಲದಲ್ಲಿ ಕೊಡಬೇಕು. ಮಾರುವವನು ತಾನು ಏನನ್ನು ಕೊಡುತ್ತಿದ್ದೇನೆಂಬುದನ್ನು ಸ್ಪಷ್ಟವಾಗಿ ನುಡಿಯಬೇಕು. ಇಷ್ಟನ್ನು ಪಾಲಿಸಿದರೆ ಅಂಗಡಿ ಮುಚ್ಚಿದರೂ ಧರ್ಮದ ವ್ಯವಹಾರ ನಡೆಯುತ್ತಲೇ ಇರುತ್ತದೆ.